ಹಿಂದಿನ ಸಾಲಿನವರು

ಗೋದೌಲಿಯಾ ಚೌಕದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ. ಕಲಬುರಗಿ, ಬೀದರ, ವಿಜಯಪುರದ ಕಡೆಯಿಂದ ಬಂದ ಹಿರಿಯರು ರಿಕ್ಷಾದಿಂದ ಇಳಿದು ಜಂಗಮವಾಡಿ ಮಠದ ದಾರಿ ಕೇಳುತ್ತಿರುತ್ತಾರೆ. ವೀರಶೈವರ ಕಾಶಿ ಪೀಠ ಇಲ್ಲಿಂದ ಕೂಗಳತೆಯ ದೂರ. ಹಿಂದೆ ಈ ಜಾಗದಲ್ಲಿ ಗೋದಾವರಿ ಎಂಬ ತೊರೆ ಹರಿಯುತ್ತಿತ್ತಂತೆ, ಗೋದೌಲಿಯಾ ಎಂಬ ಹೆಸರು ಅದರಿಂದಲೇ ಬಂತು ಎಂದು ಇಲ್ಲಿಯವರು ಹೇಳುತ್ತಾರೆ. ಈಗ ಹರಿಯುವುದು ಜನ ಮಾತ್ರ. ದಶಾಶ್ವಮೇಧ ಘಾಟಿನ ಕಡೆಗೆ ಒಂದು ಹೊಳೆ, ವಿಶ್ವನಾಥನ ಗುಡಿಯ ಕಡೆಗೆ ಇನ್ನೊಂದು.

ಕೆಲಸದ ನೆಪದಲ್ಲಿ ನಾನು ಈ ಊರಿಗೆ ಬಂದು ಮೂರು ವರ್ಷವಾಯಿತು. ಸಂಜೆ ಚೌಕದ ಹಿಂದಿನ ಗಲ್ಲಿಯೊಂದರಲ್ಲಿ ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕುಡಿಯುವುದು ರೂಢಿ. ಒಂದು ದಿನ ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಯಾವ ಊರು ಎಂದು ಕೇಳಿದರು. ರೈಲು ಎಂಜಿನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕರ್ನಾಟಕ ಎಂದೆ. ಇಂಥಾ ಉತ್ತರಕ್ಕೆ ಬರುವ ಮರುಪ್ರಶ್ನೆಗಳು ನಿಮಗೂ ಗೊತ್ತು: ಬೆಂಗಳೂರಾ, ಸಾಫ್ಟ್‌ವೇರಾ, ದೋಸೆ ಹೇಗೆ ಮಾಡ್ತೀರಿ. ಇವರು ಅದೇನನ್ನೂ ಕೇಳಲಿಲ್ಲ. ಹಾಗಾದರೆ ನೀವು ಸೋಮಯ್ಯನವರ ಕಡೆಯವರು ಎಂದರು.

ಯಾವ ಸೋಮಯ್ಯ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಕುಂಬ್ಳೆ, ದ್ರಾವಿಡ್, ಶ್ರೀನಾಥ್ ಎಂದಿದ್ದರೆ ನಿದ್ದೆಯಲ್ಲೂ ಅಂಕಿ ಅಂಶ ಒಪ್ಪಿಸುತ್ತಿದ್ದೆ. ಒಲಿಂಪಿಕ್ಸ್‌ನಲ್ಲಿ ಭಾರತ ಹಾಕಿ ತಂಡದ ನಾಯಕನಾಗಿದ್ದ ಕೊಡಗಿನವನ ಹೆಸರನ್ನು ಕಾಶಿಯ ಚಹಾ ಅಂಗಡಿಯಲ್ಲಿ ಬನಾರಸಿಯೊಬ್ಬರ ಬಾಯಲ್ಲಿ ಕೇಳಿ ನಾನು ತಲೆ ತಗ್ಗಿಸಬೇಕಾಯಿತು. ಅವರಿಗೆ ಸೋಮಯ್ಯ ಗೊತ್ತಿದ್ದದ್ದಕ್ಕೆ ಕಾರಣವಿತ್ತು. ಅವರು ಮೊಹಮ್ಮದ್ ಶಾಹಿದ್ ಅವರ ಭಕ್ತರು. ಶಾಹಿದ್ ಆಡಿದ ಮೂರೂ ಒಲಿಂಪಿಕ್ಸ್‌ಗಳಲ್ಲಿ, 1980ರ ಮಾಸ್ಕೋ, 1984ರ ಲಾಸ್ ಏಂಜಲೀಸ್, 1988ರ ಸಿಯೋಲ್‌ಗಳಲ್ಲಿ, ಜೊತೆಗಿದ್ದವರು ನಮ್ಮ ಮಣೇಪಂಡ ಮುತ್ತಣ್ಣ ಸೋಮಯ್ಯ.

ಆ ಸಂಜೆ ಹಿರಿಯರು ಶಾಹಿದ್ ಚೆಂಡು ನಡೆಸುತ್ತಿದ್ದ ರೀತಿಯನ್ನು ಮಣಿಕಟ್ಟು ತಿರುಗಿಸಿ ತಿರುಗಿಸಿ ತೋರಿಸಿದರು. ಕೊನೆಗೆ ನಿಟ್ಟುಸಿರು ಬಿಟ್ಟು, ಆ ಡ್ರಿಬಲ್ ಅವರ ಜೊತೆಗೇ ಮಣ್ಣಿಗೆ ಹೋಯಿತು, ಯಾರಿಗೂ ಬರಲಿಲ್ಲ ಎಂದರು. ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಆಟಗಾರ ಮೈದಾನ ಬಿಟ್ಟ ಮೇಲೆ ಅವನ ವಿದ್ಯೆ ಎಲ್ಲಿಗೆ ಹೋಗುತ್ತದೆ? ಕೆಲವರದು ಏಕೆ ಉಳಿಯುತ್ತದೆ, ಕೆಲವರದು ಏಕೆ ಉಳಿಯುವುದಿಲ್ಲ? ಈ ಬರಹ ಅಲ್ಲಿಂದ ಹುಟ್ಟಿದ್ದು.

*

ಮೊದಲು ಶಾಹಿದ್. ಹುಟ್ಟಿದ್ದು 1960ರ ಏಪ್ರಿಲ್‌ನಲ್ಲಿ, ಇದೇ ವಾರಾಣಸಿಯಲ್ಲಿ. 1979ರಲ್ಲಿ ಫ್ರಾನ್ಸಿನಲ್ಲಿ ನಡೆದ ಜೂನಿಯರ್ ವಿಶ್ವಕಪ್‌ನಲ್ಲಿ ಆಡಿದ ಹುಡುಗ ಮರುವರ್ಷವೇ ಮಾಸ್ಕೋ ಒಲಿಂಪಿಕ್ಸ್ ತಂಡದಲ್ಲಿದ್ದ. ಅದು ಬಹಿಷ್ಕಾರದ ಒಲಿಂಪಿಕ್ಸ್. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದನ್ನು ಪ್ರತಿಭಟಿಸಿ ಹಲವು ದೇಶಗಳು ದೂರ ಉಳಿದವು. ಪಾಕಿಸ್ತಾನ, ಪಶ್ಚಿಮ ಜರ್ಮನಿ, ಹಾಲೆಂಡ್, ಆಸ್ಟ್ರೇಲಿಯಾ ತಂಡಗಳು ಬಾರದ ಪುರುಷರ ಹಾಕಿಯಲ್ಲಿ ಆಡಿದ್ದು ಆರೇ ತಂಡಗಳು. ಆದರೂ ಪದಕ ಪದಕವೇ. ಜುಲೈ 29ರ ಫೈನಲ್‌ನಲ್ಲಿ ಭಾರತ ಸ್ಪೇನ್ ವಿರುದ್ಧ 3-0 ಮುಂದಿತ್ತು. ಆಮೇಲೆ ಸ್ಪೇನ್ ಎರಡು ಗೋಲು ಹೊಡೆದು ಬೆನ್ನಿಗೆ ಬಿತ್ತು. ಆಗ ನಾಲ್ಕನೆಯ ಗೋಲು ಹೊಡೆದವರು ಶಾಹಿದ್. ಸ್ಪೇನ್‌ನ ಹುವಾನ್ ಅಮಾತ್ ತಮ್ಮ ಮೂರನೆಯ ಗೋಲು ಹೊಡೆದು 4-3 ಮಾಡಿದರು. ಉಳಿದ ನಿಮಿಷಗಳನ್ನು ಭಾರತ ಉಸಿರು ಬಿಗಿಹಿಡಿದು ಕಳೆಯಿತು.

ಈ ಫೈನಲ್ ಬಗ್ಗೆ ಬನಾರಸಿನಲ್ಲಿ ಯಾರನ್ನು ಕೇಳಿದರೂ ನಾಲ್ಕನೆಯ ಗೋಲಿನ ವರ್ಣನೆ ಸಿಗುತ್ತದೆ. ಆ ಉಳಿದ ನಿಮಿಷಗಳ ವರ್ಣನೆ ಸಿಗುವುದಿಲ್ಲ. ಸ್ಪೇನ್ ಮತ್ತೊಂದು ಗೋಲು ಹೊಡೆದಿದ್ದರೆ ಶಾಹಿದ್ ಅವರ ಗೋಲಿಗೆ ಇಂದಿನ ಬೆಲೆ ಇರುತ್ತಿರಲಿಲ್ಲ. ಹೊಡೆಯದಂತೆ ನೋಡಿಕೊಂಡವರು ಯಾರು? ಗೋಲಿಗೆ ಒಂದು ನಿಮಿಷ, ಒಂದು ಹೆಸರು, ಒಂದು ಫೋಟೊ ಇರುತ್ತದೆ. ಆಗದ ಗೋಲಿಗೆ ಇವು ಯಾವುವೂ ಇಲ್ಲ.

ನಮ್ಮ ಹಾಕಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ 1956ರದು. ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಐದು ಪಂದ್ಯ ಆಡಿ 38 ಗೋಲು ಹೊಡೆಯಿತು. ಬಿಟ್ಟುಕೊಟ್ಟ ಗೋಲುಗಳ ಸಂಖ್ಯೆ ಸೊನ್ನೆ. ಸೆಮಿಫೈನಲ್‌ನಲ್ಲಿ ಜರ್ಮನಿಯ ಮೇಲೆ, ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ ಗೆದ್ದದ್ದು ತಲಾ 1-0 ಅಂತರದಿಂದ. ಅಂದರೆ ಆ ಚಿನ್ನವನ್ನು ಕೊನೆಗೆ ಕಾಯ್ದದ್ದು ಹಿಂದಿನ ಸಾಲು. ಫೈನಲ್‌ನ ಒಂಟಿ ಗೋಲನ್ನು ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆದ ರಣಧೀರ್ ಸಿಂಗ್ ಜಂಟಲ್ ಕೂಡ ಫುಲ್‌ಬ್ಯಾಕ್. ಇಷ್ಟಾದರೂ ಆ ಕಾಲದ ಹಾಕಿ ಎಂದರೆ ನಮ್ಮ ನಾಲಿಗೆಗೆ ಬರುವುದು ಬಲಬೀರ್ ಸಿಂಗ್, ಉಧಮ್ ಸಿಂಗ್ ಮುಂತಾದ ಮುಂದಿನ ಸಾಲಿನವರ ಹೆಸರುಗಳೇ.

*

ಹಳೆಯ ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟರೆ ಇಬ್ಬರು ಫುಲ್‌ಬ್ಯಾಕ್, ಅವರ ಮುಂದೆ ಮೂವರು ಹಾಫ್‌ಬ್ಯಾಕ್, ಎಲ್ಲಕ್ಕಿಂತ ಮುಂದೆ ಐವರು ಫಾರ್ವರ್ಡ್‌ಗಳು. ಗೋಪುರವನ್ನು ತಲೆಕೆಳಗು ಮಾಡಿದಂಥ ರಚನೆ. ಫಾರ್ವರ್ಡ್ ಚೆಂಡು ಹಿಡಿದು ಓಡುವಾಗ ಅವನ ಕಣ್ಣಿಗೆ ಎದುರಿನ ಇಬ್ಬರು ಮೂವರು ಮತ್ತು ಗೋಲು ಕಂಡರೆ ಹೆಚ್ಚು. ಬೆನ್ನ ಹಿಂದೆ ಏನಾಗುತ್ತಿದೆ ಎಂಬುದು ಅವನಿಗೆ ಬೇಕಿಲ್ಲ. ಹಿಂದೆ ನಿಂತವನಿಗೆ ಹಾಗಲ್ಲ. ಇಡೀ ಮೈದಾನ ಅವನ ಮುಂದೆ ಹಾಸಿಕೊಂಡಿರುತ್ತದೆ. ತನ್ನ ಕಡೆಯವರು ಯಾರು ದಣಿದಿದ್ದಾರೆ, ಎದುರಾಳಿಯ ಯಾವ ಆಟಗಾರ ನಿಧಾನಕ್ಕೆ ಎಡಬದಿಗೆ ಸರಿಯುತ್ತಿದ್ದಾನೆ, ಮುಂದಿನ ಹತ್ತು ಸೆಕೆಂಡಿನಲ್ಲಿ ಎಲ್ಲಿ ಬೇಲಿ ಮುರಿಯಬಹುದು, ಇದನ್ನೆಲ್ಲ ಲೆಕ್ಕ ಹಾಕುತ್ತಲೇ ನಿಂತಿರಬೇಕು.

ಶಾಹಿದ್ ಅವರಂಥ ಡ್ರಿಬ್ಲರ್ ಎದುರಿಗೆ ಬಂದರೆ ಡಿಫೆಂಡರ್ ಏನು ಮಾಡುತ್ತಾನೆ? ಎಳೆಯ ಆಟಗಾರ ಚೆಂಡಿಗೆ ಎಗರುತ್ತಾನೆ, ಮೋಸ ಹೋಗುತ್ತಾನೆ. ಪಳಗಿದವನು ಎಗರುವುದಿಲ್ಲ. ಸ್ಟಿಕ್ಕನ್ನು ನೆಲಕ್ಕೆ ತಾಗಿಸಿ, ಹಿಂದೆ ಹಿಂದೆ ಸರಿಯುತ್ತ, ಎದುರಾಳಿಯನ್ನು ಅಂಚಿನ ಗೆರೆಯ ಕಡೆಗೆ ತಳ್ಳುತ್ತ ಹೋಗುತ್ತಾನೆ. ಅವನು ಕಾಯುವುದು ಎದುರಾಳಿಯ ಒಂದು ತಪ್ಪಿಗಾಗಿ, ಅಥವಾ ತನ್ನ ಕಡೆಯ ಇನ್ನೊಬ್ಬ ಸಹಾಯಕ್ಕೆ ಬರುವ ತನಕ. ಇದು ತಾಳ್ಮೆಯ ಕೆಲಸ, ಇದಕ್ಕೆ ಚಪ್ಪಾಳೆ ಬೀಳುವುದು ಅಪರೂಪ. ಆದರೆ ಇದರಲ್ಲಿ ಒಂದು ಗುಣವಿದೆ. ಇದನ್ನು ಮಾತಿನಲ್ಲಿ ಹೇಳಿಕೊಡಬಹುದು. ಎಲ್ಲಿ ನಿಲ್ಲಬೇಕು, ಯಾವಾಗ ಕೈ ಹಾಕಬೇಕು, ಪಕ್ಕದವನಿಗೆ ಏನೆಂದು ಕೂಗಬೇಕು ಎಂಬುದನ್ನು ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸಬಹುದು. ಶಾಹಿದ್ ಅವರ ಮಣಿಕಟ್ಟನ್ನು ಯಾವ ಹಲಗೆಯ ಮೇಲೆ ಬರೆಯುವುದು?

ಹಿಂದಿನ ಸಾಲಿನ ಈ ವಿದ್ಯೆಗೆ ಬೆಲೆ ಹೆಚ್ಚಿಸಿದ್ದು ಒಂದು ಹಾಸು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಿದರು. ಆಗ ನಮ್ಮಲ್ಲಿ ಅಂಥ ಮೈದಾನವೇ ಇರಲಿಲ್ಲ. 1928ರಿಂದ ಪ್ರತಿ ಒಲಿಂಪಿಕ್ಸ್‌ನಲ್ಲೂ ಪದಕ ತಂದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಕುಸಿಯಿತು. ಉಬ್ಬುತಗ್ಗಿನ ಹುಲ್ಲಿನ ಮೇಲೆ ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಸಾಗುವುದು ನಮ್ಮ ಬಲವಾಗಿತ್ತು. ಸಮತಟ್ಟಾದ ಹಾಸಿನ ಮೇಲೆ ಚೆಂಡು ಬಾಣದ ಹಾಗೆ ಹೋಗುತ್ತಿತ್ತು. ಅಲ್ಲಿ ಬೇಕಾದದ್ದು ದಮ್ಮು, ಪಾಸು, ಪೆನಾಲ್ಟಿ ಕಾರ್ನರ್, ಹನ್ನೊಂದೂ ಜನ ಒಟ್ಟಿಗೆ ಮುಂದೆ ಹೋಗಿ ಒಟ್ಟಿಗೆ ಹಿಂದೆ ಬರುವ ಶಿಸ್ತು. ಇಂಥ ಆಟಕ್ಕೆ ಯೋಜನೆ ಹಾಕುವ ಕೋಚ್ ಬೇಕು. ಅಲ್ಲಿಯವರೆಗೆ ನಮ್ಮಲ್ಲಿ ಪ್ರತಿಭೆಯೇ ತನ್ನನ್ನು ತಾನು ನಡೆಸಿಕೊಳ್ಳುತ್ತದೆ ಎಂಬ ನಂಬಿಕೆ ಇತ್ತು.

ಸೋಮಯ್ಯ ಈ ಹೊಸ ಕಾಲದ ಹಾಫ್‌ಬ್ಯಾಕ್. ಹಾಫ್‌ಬ್ಯಾಕ್ ಎಂದರೆ ಒಂದು ಕಾಲು ರಕ್ಷಣೆಯಲ್ಲಿ, ಒಂದು ಕಾಲು ದಾಳಿಯಲ್ಲಿ. ಎದುರಾಳಿಯಿಂದ ಚೆಂಡು ಕಸಿಯಬೇಕು, ಕಸಿದ ಚೆಂಡನ್ನು ಮುಂದಿನವರಿಗೆ ಕೊಡಬೇಕು. ಶಾಹಿದ್, ಜಾಫರ್ ಇಕ್ಬಾಲ್ ಜೋಡಿಯ ಓಟವನ್ನು ಹೊಗಳುವಾಗ, ಅವರಿಗೆ ಚೆಂಡು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಸೋಮಯ್ಯನವರಿಗೆ 1985ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1988ರಲ್ಲಿ ಸಿಯೋಲ್‌ಗೆ ನಾಯಕರಾಗಿ ಹೋದರು. ಆಟದ ಜೊತೆಗೇ ಭಾರತ್ ಪೆಟ್ರೋಲಿಯಂನಲ್ಲಿ ನೌಕರಿ ಮಾಡಿದರು. ನಮ್ಮ ನಿಮ್ಮ ಹಾಗೆ ಹೊಟ್ಟೆಪಾಡಿಗೆ ಊರು ಬಿಟ್ಟು ಮುಂಬೈ ಸೇರಿದವರು.

*

ಮಾಸ್ಕೋದಲ್ಲಿ ಚಿನ್ನ ಗೆದ್ದ ಆ ಹದಿನಾರು ಜನರಲ್ಲಿ ಹಲವರು ಮುಂದೆ ಭಾರತ ತಂಡಕ್ಕೆ ತರಬೇತುದಾರರಾದರು. ಅವರ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಕೆಲಸದ ಕಷ್ಟ ಅರ್ಥವಾಗುತ್ತದೆ.

ನಾಯಕ ವಾಸುದೇವನ್ ಭಾಸ್ಕರನ್ ಹಾಫ್‌ಬ್ಯಾಕ್ ಸಾಲಿನವರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅವರು ಕೋಚ್. ಪೋಲೆಂಡನ್ನು ಸೋಲಿಸಿದರೆ ಸೆಮಿಫೈನಲ್ ಖಚಿತವಿತ್ತು. ಭಾರತ 1-0 ಮುಂದಿತ್ತು. ಪಂದ್ಯ ಮುಗಿಯಲು ಎರಡು ನಿಮಿಷವೂ ಉಳಿದಿರದಾಗ ಪೋಲೆಂಡ್ ಸಮ ಮಾಡಿತು. ಭಾರತ ಏಳನೆಯ ಸ್ಥಾನ ಪಡೆದು ಮರಳಿತು. ಇಪ್ಪತ್ತು ವರ್ಷದ ಹಿಂದೆ ಫೈನಲ್‌ನ ಕೊನೆಯ ನಿಮಿಷಗಳನ್ನು ಮೈದಾನದೊಳಗೆ ಕಾಯ್ದು ಗೆದ್ದ ತಂಡದ ನಾಯಕ, ಈ ಬಾರಿ ಗೆರೆಯ ಹೊರಗೆ ನಿಂತು ಅಂಥದೇ ನಿಮಿಷಗಳು ಕೈಜಾರುವುದನ್ನು ನೋಡಬೇಕಾಯಿತು. ಕೋಚ್ ಎಂದರೆ ಇದೇ. ಕಾಣುತ್ತದೆ, ಕೂಗಬಹುದು, ಕೈ ಹಾಕುವಂತಿಲ್ಲ.

ರಾಜಿಂದರ್ ಸಿಂಗ್ ಹಿಂದಿನ ಸಾಲಿನ ಆಟಗಾರ, ಪೆನಾಲ್ಟಿ ಕಾರ್ನರ್‌ನಲ್ಲಿ ಎತ್ತಿದ ಕೈ. ಅವರ ತರಬೇತಿಯಲ್ಲಿ ಭಾರತದ ಹುಡುಗರು 2001ರಲ್ಲಿ ಹೋಬಾರ್ಟ್‌ನಲ್ಲಿ ಜೂನಿಯರ್ ವಿಶ್ವಕಪ್ ಗೆದ್ದರು. 2003ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 4-2ರಲ್ಲಿ ಸೋಲಿಸಿ ಮೊದಲ ಏಷ್ಯಾ ಕಪ್ ತಂದರು. ಆದರೂ 2004ರ ಅಥೆನ್ಸ್ ಒಲಿಂಪಿಕ್ಸ್ ಹತ್ತಿರ ಬಂದಾಗ ಅವರನ್ನು ತೆಗೆದು ಜರ್ಮನಿಯ ಗೆರ್ಹಾರ್ಡ್ ರಾಖ್ ಅವರನ್ನು ತಂದರು. ಕೊಡಗಿನ ಅರ್ಜುನ್ ಹಾಲಪ್ಪ ಇದ್ದ ಆ ತಂಡ ಅಥೆನ್ಸ್‌ನಲ್ಲೂ ಏಳನೆಯದಾಯಿತು. ಗೋಲ್ ಹೊಡೆದವನು ಮರುದಿನ ಸೋತರೂ ಆ ಗೋಲು ಅವನದೇ ಆಗಿ ಉಳಿಯುತ್ತದೆ. ಕೋಚ್ ಕಟ್ಟಿದ ತಂಡವನ್ನು ಒಂದು ಪತ್ರದಲ್ಲಿ ಕಸಿಯಬಹುದು.

ಹಿಂದಿನ ಸಾಲಿನವರು ಮಾತ್ರ ಒಳ್ಳೆಯ ಕೋಚ್ ಆಗುತ್ತಾರೆ ಎಂದರೆ ಅದು ತಪ್ಪು. ಮಾಸ್ಕೋ ಫೈನಲ್‌ನಲ್ಲಿ ಗೋಲು ಹೊಡೆದ ಫಾರ್ವರ್ಡ್ ಎಂ.ಕೆ. ಕೌಶಿಕ್ ಅವರ ತರಬೇತಿಯಲ್ಲಿ 1998ರಲ್ಲಿ ಭಾರತ 32 ವರ್ಷಗಳ ನಂತರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು. ಎಲ್ಲಿ ಆಡಿದೆ ಎಂಬುದಕ್ಕಿಂತ, ಆಡುವಾಗ ಏನನ್ನು ನೋಡುತ್ತಿದ್ದೆ ಎಂಬುದು ಮುಖ್ಯ. ಹಿಂದಿನ ಸಾಲಿನವನಿಗೆ ಆ ನೋಟ ಜಾಗದಿಂದಲೇ ಬರುತ್ತದೆ, ಮುಂದಿನವನು ಅದನ್ನು ಹಟ ಹಿಡಿದು ಕಲಿಯಬೇಕಾಗುತ್ತದೆ.

*

ನಮ್ಮ ಓದುಗರಲ್ಲಿ ಟೊರೊಂಟೊ, ನ್ಯೂಯಾರ್ಕ್ ಕಡೆ ಇರುವವರಿಗೆ ಹಾಕಿ ಎಂದರೆ ಬೇರೆಯದೇ ಆಟ. ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಚಪ್ಪಟೆ ಪಕ್ ಹೊಡೆಯುವುದು. ನಮ್ಮಲ್ಲಿ ಅದು ಮುಖ್ಯವಾಗಿ ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲಿನ ಆಟ. ಅಲ್ಲಿನ ಡಿಫೆನ್ಸ್‌ಮನ್ ಒಬ್ಬರ ಬದುಕು ಈ ಪ್ರಶ್ನೆಗೆ ಚೆನ್ನಾಗಿ ಹೊಂದುತ್ತದೆ. ಅವರು ಆಲ್ ಆರ್ಬರ್. 1932ರಲ್ಲಿ ಕೆನಡಾದ ಸಡ್ಬರಿಯಲ್ಲಿ ಹುಟ್ಟಿದವರು. ಕನ್ನಡಕ ಹಾಕಿಕೊಂಡೇ ಆಡುತ್ತಿದ್ದರು. ವೇಗವಾಗಿ ಬರುವ ಪಕ್ಕಿಗೆ ಮೈಯೊಡ್ಡಿ ತಡೆಯುವುದು ಅವರ ಹೆಸರುವಾಸಿ ಕೆಲಸ, ಅದೂ ಮುಖದ ಮೇಲೆ ಗಾಜು ಇಟ್ಟುಕೊಂಡು. ಡೆಟ್ರಾಯಿಟ್, ಶಿಕಾಗೊ, ಟೊರೊಂಟೊ ಹೀಗೆ ಮೂರು ತಂಡಗಳ ಜೊತೆ ಸ್ಟಾನ್ಲಿ ಕಪ್ ಗೆದ್ದರೂ ತಾರೆ ಅನ್ನಿಸಿಕೊಂಡವರಲ್ಲ.

1973ರಲ್ಲಿ ಅವರು ನ್ಯೂಯಾರ್ಕ್ ಐಲ್ಯಾಂಡರ್ಸ್ ಎಂಬ ತಂಡಕ್ಕೆ ಕೋಚ್ ಆದರು. ಹಿಂದಿನ ವರ್ಷ ಹುಟ್ಟಿದ್ದ ಆ ತಂಡ ಮೊದಲ ಋತುವಿನ 78 ಪಂದ್ಯಗಳಲ್ಲಿ ಗೆದ್ದಿದ್ದು 12 ಮಾತ್ರ. ಆರ್ಬರ್ ಮೊದಲು ಕಲಿಸಿದ್ದು ಗೋಲು ಬಿಟ್ಟುಕೊಡದಿರುವುದನ್ನು. ಏಳು ವರ್ಷ ಹಿಡಿಯಿತು. 1980ರ ಮೇ 24ರಂದು ಐಲ್ಯಾಂಡರ್ಸ್ ಮೊದಲ ಸ್ಟಾನ್ಲಿ ಕಪ್ ಗೆದ್ದರು. ಮಾಸ್ಕೋದಲ್ಲಿ ಶಾಹಿದ್ ಗೋಲು ಹೊಡೆಯಲು ಇನ್ನೂ ಎರಡು ತಿಂಗಳಿತ್ತು. ಅಲ್ಲಿಂದ 1983ರವರೆಗೆ ಸತತ ನಾಲ್ಕು ವರ್ಷ ಕಪ್ ಅವರದೇ. 2007ರಲ್ಲಿ, 75ರ ವಯಸ್ಸಿನಲ್ಲಿ, ಆರ್ಬರ್ ಅವರನ್ನು ಒಂದೇ ಒಂದು ಪಂದ್ಯಕ್ಕೆ ಮತ್ತೆ ಕೋಚ್ ಆಗಿ ಕರೆದರು. ಐಲ್ಯಾಂಡರ್ಸ್ ಕೋಚ್ ಆಗಿ ಅವರ 1499 ಪಂದ್ಯಗಳಾಗಿದ್ದವು, ಅದು ಪೂರ್ತಿ 1500 ಆಗಲಿ ಎಂದು. ತಂಡ ಆ ಪಂದ್ಯವನ್ನೂ ಗೆದ್ದಿತು.

ಈ ಕಥೆಯಲ್ಲಿ ನನ್ನನ್ನು ಹಿಡಿದದ್ದು ಏಳು ವರ್ಷ ಎಂಬ ಅಂಕಿ. ಐಲ್ಯಾಂಡರ್ಸ್ ಆಡಳಿತ ಅಷ್ಟು ಕಾಲ ಒಬ್ಬನನ್ನೇ ನೆಚ್ಚಿ ಕೂತಿತು. ನಮ್ಮ ಹಾಕಿಯಲ್ಲಿ ಅದೇ ಕಾಲದಲ್ಲಿ ಕೋಚ್‌ಗಳು ಬಸ್ ನಿಲ್ದಾಣದ ಪ್ರಯಾಣಿಕರ ಹಾಗೆ ಬಂದು ಹೋದರು. 1982ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನ 7-1ರಲ್ಲಿ ಹೊಡೆದಾಗ, 1986ರ ಲಂಡನ್ ವಿಶ್ವಕಪ್‌ನಲ್ಲಿ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯವರಾದಾಗ, ಪ್ರತಿ ಸಲವೂ ನಾವು ಹುಡುಕಿದ್ದು ಬಲಿಗೆ ಒಂದು ತಲೆಯನ್ನು.

*

ಈಗ ಸಿಯೋಲ್‌ಗೆ ಬರೋಣ. 1988ರ ಆ ತಂಡದಲ್ಲಿ ನಾಯಕ ಸೋಮಯ್ಯ ಕೊಡಗಿನವರು. ಶಾಹಿದ್ ಮತ್ತು ವಿವೇಕ್ ಸಿಂಗ್ ಬನಾರಸಿನವರು. ಮಿಡ್‌ಫೀಲ್ಡ್‌ನಲ್ಲಿ ಬೆಂಗಳೂರಿನ ಹುಡುಗ ಜೂಡ್ ಫೆಲಿಕ್ಸ್. ಭಾರತ ಆರನೆಯ ಸ್ಥಾನ ಪಡೆಯಿತು. ಯಾರೂ ನೆನೆಸಿಕೊಳ್ಳದ ಒಲಿಂಪಿಕ್ಸ್ ಅದು. ಆದರೆ ಗೋದೌಲಿಯಾದಲ್ಲಿ ಕೂತು ನೋಡುವ ನನಗೆ ಆ ತಂಡ ಬಹಳ ಹತ್ತಿರದ್ದು ಅನ್ನಿಸುತ್ತದೆ. ಕಾವೇರಿ ಮತ್ತು ಗಂಗೆಯ ದಡದವರು ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತಿದ್ದರು. ಅಲ್ಲಿಂದ ಹೊರಬಿದ್ದ ಮೇಲೆ ಅವರ ದಾರಿಗಳು ಬೇರೆಬೇರೆಯಾದವು.

ಶಾಹಿದ್ ಬನಾರಸಿಗೆ ಮರಳಿದರು. ಇಲ್ಲಿನ ಡೀಸೆಲ್ ಎಂಜಿನ್ ಕಾರ್ಖಾನೆಯಲ್ಲಿ ಕ್ರೀಡಾ ಅಧಿಕಾರಿಯಾದರು. ಪದ್ಮಶ್ರೀ 1981ರಲ್ಲೇ ಬಂದಿತ್ತು. ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆಗುವ ದಾರಿಗೆ ಅವರು ಹೋಗಲಿಲ್ಲ, ಊರು ಬಿಟ್ಟು ಹೋಗುವ ಮನಸ್ಸೂ ಅವರಿಗಿರಲಿಲ್ಲ. 2016ರ ಜುಲೈಯಲ್ಲಿ, 56ನೇ ವಯಸ್ಸಿನಲ್ಲಿ ತೀರಿಕೊಂಡರು. ವಿವೇಕ್ ಸಿಂಗ್ ಅದಕ್ಕೂ ಮೊದಲೇ, ನಡುವಯಸ್ಸು ತಲುಪುವ ಮುನ್ನವೇ ಹೋದರು. ಅವರ ತಮ್ಮ ರಾಹುಲ್ ಸಿಂಗ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆಡಿದವರು. ಮನೆಯವರು ವಿವೇಕ್ ಹೆಸರಿನಲ್ಲಿ ಈ ಊರಿನಲ್ಲಿ ಹಾಕಿ ಅಕಾಡೆಮಿ ನಡೆಸಿಕೊಂಡು ಬಂದರು.

ಜೂಡ್ ಫೆಲಿಕ್ಸ್ ಅವರ ದಾರಿ ದೂರದ್ದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಆಡಿದರು, ಆಮೇಲೆ ಭಾರತದ ನಾಯಕರಾದರು. ಮೈದಾನದ ನಡುವೆ ನಿಂತು ಹಿಂದಿನ ಸಾಲನ್ನೂ ಮುಂದಿನ ಸಾಲನ್ನೂ ಹೊಲಿಯುವುದು ಅವರ ಆಟ. ಆಡುವುದು ಮುಗಿದ ಮೇಲೆ ಸಿಂಗಾಪುರಕ್ಕೆ ಹೋಗಿ ಅಲ್ಲಿಯ ತಂಡಕ್ಕೆ ತರಬೇತಿ ಕೊಟ್ಟರು. 2009ರಲ್ಲಿ ಬೆಂಗಳೂರಿಗೆ ಮರಳಿ ತಮ್ಮ ಹೆಸರಿನ ಅಕಾಡೆಮಿ ತೆರೆದರು. ಅಲ್ಲಿಗೆ ಬಂದವರಲ್ಲಿ ಅನಾಥಾಲಯದ ಮಕ್ಕಳು, ಬಡವರ ಮಕ್ಕಳು ಹೆಚ್ಚು. ಒಂದು ಸ್ಟಿಕ್ ಕೊಳ್ಳುವುದೂ ಭಾರವಾದ ಮನೆಗಳವರು. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ಗೆ ಹೋದ ಭಾರತ ತಂಡದ ತರಬೇತಿ ಬಳಗದಲ್ಲಿ ಅವರಿದ್ದರು. ಪಾಕಿಸ್ತಾನದ ವಿರುದ್ಧ 1-1 ಸಮವಾದ ಫೈನಲ್ ಅನ್ನು ಶೂಟೌಟ್‌ನಲ್ಲಿ ಗೆದ್ದು ಭಾರತ 16 ವರ್ಷಗಳ ನಂತರ ಚಿನ್ನ ತಂದಿತು. ಆ ತಂಡದ ರಕ್ಷಣೆಯಲ್ಲಿ ಕೊಡಗಿನ ವಿ.ಆರ್. ರಘುನಾಥ್, ಮುಂದೆ ಎಸ್.ವಿ. ಸುನಿಲ್. 2020ರಲ್ಲಿ ಜೂಡ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದ ನಾನು ಆ ಸುದ್ದಿಯನ್ನು ಓದಿದ ನೆನಪೂ ಇಲ್ಲ.

ಅವರಿಗಿಂತ ಹಿಂದಿನ ತಲೆಮಾರಿನಲ್ಲಿ ಈ ದಾರಿ ತುಳಿದವರು ಮೊಳ್ಳೇರ ಪೂವಯ್ಯ ಗಣೇಶ್. ಕೊಡಗಿನ ಹುಡುಗ, ಮೊದಲು ಫುಟ್‌ಬಾಲ್ ಆಡುತ್ತಿದ್ದರು. ಸೇನೆ ಸೇರಿದ ಮೇಲೆ ಹಾಕಿ ಹಿಡಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಕಂಚು, 1973ರ ವಿಶ್ವಕಪ್‌ನಲ್ಲಿ ನಾಯಕರಾಗಿ ಬೆಳ್ಳಿ. ಆ ಫೈನಲ್ ಹಾಲೆಂಡ್ ವಿರುದ್ಧ 2-2 ಆಗಿ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಕೈತಪ್ಪಿತು. ಎಂಬತ್ತರ ದಶಕದ ಕೊನೆಯಲ್ಲಿ ಅವರೂ ಭಾರತ ತಂಡಕ್ಕೆ ತರಬೇತಿ ಕೊಟ್ಟರು, ಮುಂದೆ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ದುಡಿದರು. ಪದ್ಮಶ್ರೀ ಬಂದದ್ದು 2020ರಲ್ಲಿ, ವಿಶ್ವಕಪ್ ಬೆಳ್ಳಿಯ 47 ವರ್ಷಗಳ ನಂತರ. ಶಾಹಿದ್ ಅವರಿಗೆ ಗೋಲು ಹೊಡೆದ ಮರುವರ್ಷವೇ ಬಂದಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮ ಕಣ್ಣು ಮೊದಲು ಹೋಗುವುದು ಚೆಂಡಿನ ಕಡೆಗೆ, ಅಷ್ಟೇ.

*

ಗೋದೌಲಿಯಾದಿಂದ ನಡೆದು ಹೋಗುವಷ್ಟು ದೂರದಲ್ಲಿ ಕಬೀರ್ ಚೌರಾ ಇದೆ. ಬನಾರಸ್ ಘರಾನೆಯ ತಬಲಾ ವಾದಕರ ಮನೆಗಳ ಗಲ್ಲಿ. ಕಿಶನ್ ಮಹಾರಾಜರಂಥವರು ಬಾಳಿದ ಜಾಗ. ಅಲ್ಲಿ ಯಾರ ಬೆರಳು ಎಷ್ಟು ಚುರುಕು ಎಂಬುದರ ಜೊತೆಗೆ ಯಾರ ಶಿಷ್ಯ ಎಂದೂ ಕೇಳುತ್ತಾರೆ. ನಮಗೆ ಕನ್ನಡಿಗರಿಗೆ ಇದು ಹೊಸದಲ್ಲ. ಸವಾಯಿ ಗಂಧರ್ವರು ಎಂದಾಗ ನಾವು ಅವರ ಗಾಯನದಷ್ಟೇ ಗಂಗೂಬಾಯಿ, ಭೀಮಸೇನರನ್ನು ನೆನೆಯುತ್ತೇವೆ. ಸಂಗೀತದಲ್ಲಿ ಕಲಿಸಿದವನಿಗೆ ಇರುವ ಜಾಗ ಆಟದಲ್ಲಿ ಇನ್ನೂ ಬಂದಿಲ್ಲ. ಯಾವ ಗೋಲು ಎಂದು ಕೇಳುತ್ತೇವೆ, ಯಾರ ಶಿಷ್ಯ ಎಂದು ಕೇಳುವುದಿಲ್ಲ.

ಕೇಳಿದರೆ ಉತ್ತರಗಳಿವೆ. ಬನಾರಸಿನ ಲಲಿತ್ ಉಪಾಧ್ಯಾಯ ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ಗಳಲ್ಲಿ ಕಂಚು ಗೆದ್ದ ಫಾರ್ವರ್ಡ್. ಅವರಿಗೆ ಆಟ ಹಚ್ಚಿದವರು ಇಲ್ಲಿನ ಯು.ಪಿ. ಕಾಲೇಜಿನ ಮೈದಾನದ ಕೋಚ್ ಪರಮಾನಂದ ಮಿಶ್ರಾ. ಕೊಡಗಿನಲ್ಲಿ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕುಟುಂಬಗಳ ನಡುವಿನ ಹಾಕಿ ಹಬ್ಬ 2024ರಲ್ಲಿ 360 ಮನೆತನಗಳ ತಂಡಗಳಿಗೆ ಬೆಳೆಯಿತು. ಅಲ್ಲಿ ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡುತ್ತಾರೆ, ಕಲಿಕೆ ಮನೆಯೊಳಗೇ ನಡೆಯುತ್ತದೆ. ಪ್ಯಾರಿಸ್‌ನ ಕಂಚಿನ ನಂತರ ಗೋಲ್‌ಕೀಪರ್ ಶ್ರೀಜೇಶ್ ಆಟ ಬಿಟ್ಟು ನೇರವಾಗಿ ಜೂನಿಯರ್ ತಂಡದ ಕೋಚ್ ಆದರು. ಎಲ್ಲರಿಗಿಂತ ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದವರು ಆಗ ಗೆರೆಯಾಚೆ ನಿಂತು ನೋಡತೊಡಗಿದರು.

ಇದನ್ನೆಲ್ಲ ಓದಿಕೊಂಡು ಮತ್ತೊಂದು ಸಂಜೆ ಅದೇ ಚಹಾ ಅಂಗಡಿಗೆ ಹೋದೆ. ಹಿರಿಯರಿಗೆ ಜೂಡ್ ಫೆಲಿಕ್ಸ್ ಮತ್ತು ಗಣೇಶ್ ಬಗ್ಗೆ ಹೇಳಿದೆ. ಕೇಳಿಸಿಕೊಂಡರು, ಒಪ್ಪಿದಂತೆ ಕಾಣಲಿಲ್ಲ. ಭಾನುವಾರ ಬೆಳಿಗ್ಗೆ ತಮ್ಮ ಜೊತೆ ಬರಬೇಕೆಂದರು. ಊರ ಹೊರಗಿನ ಒಂದು ಮೈದಾನಕ್ಕೆ ಕರೆದುಕೊಂಡು ಹೋದರು. ಮೂವತ್ತು ಮಕ್ಕಳಿರಬಹುದು, ಅರ್ಧದಷ್ಟು ಮಂದಿಗೆ ಬೂಟಿರಲಿಲ್ಲ. ಕೋಚ್ ತಂಡ ಹಂಚಿದಾಗ ಹತ್ತು ವರ್ಷದ ಹುಡುಗನೊಬ್ಬನಿಗೆ ಬ್ಯಾಕ್ ಜಾಗ ಬಂತು. ಅವನು ಮುಖ ಊದಿಸಿಕೊಂಡು ಹಿಂದೆ ಹೋಗಿ ನಿಂತ. ಚೆಂಡು ಅವನ ಕಡೆ ಬರಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೋಚ್ ಅವನ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತು, ಮೈದಾನದ ಕಡೆ ಕೈ ತೋರಿಸಿ ಏನೋ ಹೇಳಿದರು. ನಮಗೆ ಕೇಳಿಸಲಿಲ್ಲ. ಹುಡುಗ ಆ ಕೈಯ ದಿಕ್ಕಿಗೇ ನೋಡುತ್ತಿದ್ದ. ಎರಡು ನಿಮಿಷದ ನಂತರ ತಾನೇ ಎಡಕ್ಕೆ ನಾಲ್ಕು ಹೆಜ್ಜೆ ಸರಿದು ನಿಂತ, ಮುಂದಿದ್ದ ಗೆಳೆಯನ ಹೆಸರು ಹಿಡಿದು ಜೋರಾಗಿ ಕೂಗಿದ.

ಹಿರಿಯರು ನನ್ನ ಕಡೆ ತಿರುಗಿ, ನಿಮ್ಮ ಸೋಮಯ್ಯ ಎಂದು ನಕ್ಕರು.